ನಾಲ್ಕು ಬಿಳಿ ಚುಕ್ಕೆ

ಫೆಬ್ರವರಿ 4

ಕುಳ್ಳನಿಗೆ,

ನಾನು ಕ್ಷೇಮ. ಕ್ಷೇಮದ ಸಾಲು ಬರೆಯದೆ ಮುಂದಿನ ಸಾಲಿಗೆ ಕೈ ಹಾಕಬಾರದು, ಆ ಸಾಲಿನಲ್ಲಿ ಮಾತ್ರ ಸುಳ್ಳು ಬರೆಯಬಾರದು ಎಂದು ಅಪ್ಪ ನಮ್ಮ ತಲೆಗೆ ತುಂಬಿದ್ದು ಇನ್ನೂ ಇಳಿದಿಲ್ಲ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಊರವರ ಕಾಗದ ವಿಂಗಡಿಸಿದ ಮನುಷ್ಯ, ಮಕ್ಕಳಿಗೆ ಬೇರೇನು ಕಲಿಸಿಯಾನು? ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿ ಇಟ್ಟುಬಿಡುವುದು, ಮಿಕ್ಕಿದ್ದೆಲ್ಲ ಕಾಗದದಲ್ಲಿ. ಕೇಳಿದವರು ನಗುತ್ತಾರೆ, ನಗಲಿ.

ಈಗ ದೂರು. ನನ್ನ ಮಾನಿಟರಿನ ನಟ್ಟನಡುವೆ ಒಂದು ಮಸುಕು ಕಲೆ ಕೂತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಒಣ ಬಟ್ಟೆಯಲ್ಲಿ ಒರೆಸಿದೆ, ಕನ್ನಡಕದ ಬಟ್ಟೆಯಲ್ಲೂ ಆಯಿತು. ಜಪ್ಪಯ್ಯ ಎಂದರೂ ಹೋಗುತ್ತಿಲ್ಲ. ಒಂಬತ್ತು ವರ್ಷ ದುಡಿದಿದೆ ಪಾಪ, ಇನ್ನು ಅದಕ್ಕೂ ವಿಶ್ರಾಂತಿ ಬೇಕು.

ನಿನಗೆ ಗೊತ್ತಾಯಿತೋ ಇಲ್ಲವೋ, ನಮ್ಮ ದೋಣಿ ಆಟ ಹೊಸದಾಗಿ ಬಂದಿದೆ. ಅದೇ ನದಿ, ಅದೇ ಗುಡ್ಡ, ಅದೇ ಕೆಂಪು ದೋಣಿ. ಎಲ್ಲವನ್ನೂ ಮತ್ತೆ ಬಿಡಿಸಿದ್ದಾರಂತೆ. ಮರದ ಎಲೆ ಎಣಿಸಬಹುದಂತೆ, ದಾರಿಯಲ್ಲಿರುವ ಬೋರ್ಡುಗಳನ್ನೆಲ್ಲ ಓದಬಹುದಂತೆ. ಓದಿದ ತಕ್ಷಣ ನನಗೆ ನೆನಪಾದದ್ದು ದೋಣಿ ನಿಲ್ಲುವ ಕೊನೆಯ ಕಟ್ಟೆ. ನೀನು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರು ತಿಂಗಳು ಮಂಚ ಹಿಡಿದಿದ್ದಾಗ, ಅಪ್ಪ ಕಚೇರಿಯ ಹರಾಜಿನಲ್ಲಿ ತಂದ ಕಂಪ್ಯೂಟರಿನಲ್ಲಿ, ನೀನು ಮಂಚದಿಂದ ಎಡಕ್ಕೆ ಬಲಕ್ಕೆ ಎಂದು ಅರಚುತ್ತ, ನಾನು ಕೀಲಿ ಒತ್ತುತ್ತ ತಲುಪಿದ ಕಟ್ಟೆ. ಅಲ್ಲಿ ಒಂದು ಬೋರ್ಡು, ಅದರ ಮೇಲೆ ಅಕ್ಷರ ಇರಬೇಕಾದಲ್ಲಿ ನಾಲ್ಕು ಬಿಳಿ ಚುಕ್ಕೆ. 'ಮನೆ ಬಂತು ಅಂತ ಬರೆದಿದೆ' ಅಂದೆ ನೀನು. 'ಮುಂದೆ ಹೋಗ್ಬೇಡಿ ಅಂತ ಬರೆದಿದೆ' ಅಂದೆ ನಾನು. ಸೋತವರು ಗೆದ್ದವರನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಬೇಕೆಂದು ಪಂದ್ಯ ಕಟ್ಟಿದೆವು. ಇಪ್ಪತ್ತಾರು ವರ್ಷವಾಯಿತು, ಇನ್ನೂ ತೀರ್ಮಾನವಾಗಿಲ್ಲ.

ಆದ್ದರಿಂದ ಒಳ್ಳೆಯ ಮಾನಿಟರ್ ಬೇಕು. ಇಲ್ಲಿಯ ಅಂಗಡಿಗೆ ಹೋಗಿದ್ದೆ. ನಲವತ್ತೈದರ ಹೆಂಗಸು ಗೇಮಿಂಗ್ ಮಾನಿಟರ್ ಕೇಳಿದರೆ ಅವನು 'ಮಗನಿಗಾ ಮೇಡಂ?' ಎಂದ. ಕಂಪ್ಯೂಟರಿನ ಕಾರ್ಡ್ ಯಾವುದು ಎಂದು ಕೇಳದೆ ಅಂಗಡಿಯಲ್ಲಿದ್ದ ದೊಡ್ಡದನ್ನೇ ತೋರಿಸಿದ. ನೀನಾದರೂ ಹೇಳು. ಎರಡು ವರ್ಷದ ಹಿಂದೆ ನೀನು ಹಾಕಿಕೊಟ್ಟ ಗ್ರಾಫಿಕ್ಸ್ ಕಾರ್ಡೇ ಇರುವುದು. ಅದಕ್ಕೆ ತಕ್ಕದ್ದು ಯಾವುದು? ಬೋರ್ಡನ್ನು ಮಾತ್ರ ಇಬ್ಬರೂ ಒಟ್ಟಿಗೇ ಓದಬೇಕು. ಒಬ್ಬರೇ ಓದುವಂತಿಲ್ಲ, ಆಣೆ.

ಅಕ್ಕ


ಫೆಬ್ರವರಿ 17

ಅಕ್ಕನಿಗೆ,

ನಾನು ಕ್ಷೇಮ, ಆರಡಿ ಒಂದಿಂಚು ಇದ್ದೇನೆ, ಕುಳ್ಳ ಎನ್ನುವುದನ್ನು ಇನ್ನಾದರೂ ಬಿಡು.

ಮಾನಿಟರಿನ ಕಲೆ ಹಿಡಿಯುವುದೇ ನನ್ನ ಹೊಟ್ಟೆಪಾಡು. ಕಿಟಕಿಗೆಲ್ಲ ಕಪ್ಪು ಪರದೆ ಎಳೆದ ಕಾರ್ಖಾನೆಯ ಹಾಲಿನಲ್ಲಿ ಕೂತು ದಿನಕ್ಕೆ ನೂರೆಂಬತ್ತು ಮಾನಿಟರ್ ನೋಡುತ್ತೇನೆ, ಬೆಳಗದೆ ಸತ್ತ ಚುಕ್ಕೆ ಎಲ್ಲಿದೆ ಎಂದು. ಹೊಸಬರಿಗೆ ನಾನು ಮೊದಲು ಹೇಳಿಕೊಡುವ ಪರೀಕ್ಷೆ ಇದು: ನೋಟವನ್ನು ಮಾನಿಟರಿನ ಮೂಲೆಗೆ ಹೊರಳಿಸು. ಕಲೆ ನಡುವೆಯೇ ನಿಂತರೆ ದೋಷ ಮಾನಿಟರಿನದು. ನೋಟದ ಜೊತೆ ಕಲೆಯೂ ಮೂಲೆಗೆ ಓಡಿ ಬಂದರೆ ಮಾನಿಟರಿನದಲ್ಲ. ಮಾಡಿ ನೋಡಿ ಬರೆ.

ಈಗ ಪಾಠ. ಚಿತ್ರ ಬಿಡಿಸುವುದು ಕಾರ್ಡ್, ಮಾನಿಟರ್ ಅದನ್ನು ತೋರಿಸುತ್ತದೆ ಅಷ್ಟೆ. ನಿನ್ನ ಹಳೆಯದರಲ್ಲಿ ಇಪ್ಪತ್ತು ಲಕ್ಷ ಚುಕ್ಕೆ. ಅದಕ್ಕಿಂತ ಮೇಲಿನದರಲ್ಲಿ ಮೂವತ್ತೇಳು ಲಕ್ಷ. ಫೋರ್‌ಕೆ ಎನ್ನುವುದರಲ್ಲಿ ಎಂಬತ್ತಮೂರು ಲಕ್ಷ. ಈ ಚುಕ್ಕೆಗಳನ್ನೆಲ್ಲ ಕಾರ್ಡ್ ಒಂದು ಸೆಕೆಂಡಿಗೆ ಅರವತ್ತು ಸಲವಾದರೂ ಹೊಸದಾಗಿ ತುಂಬಿಸಬೇಕು, ಆಗ ನೀರು ನೀರಿನಂತೆ ಹರಿಯುತ್ತದೆ. ನಿನ್ನ ಕಾರ್ಡ್ ಮೂವತ್ತೇಳು ಲಕ್ಷವನ್ನು ಸಲೀಸಾಗಿ ಎಳೆಯುತ್ತದೆ. ಎಂಬತ್ತಮೂರಕ್ಕೆ ಕೈ ಎತ್ತಿಬಿಡುತ್ತದೆ, ದೋಣಿ ಕುಂಟುತ್ತದೆ. ನಿಮ್ಮ ಟೈಲರ್ ಅಂಗಡಿಯಲ್ಲಿ ನಿನಗೆ ಒಬ್ಬಳೇ ಕೂತು ಇಡೀ ಶಾಲೆಯ ಯೂನಿಫಾರ್ಮನ್ನು ಒಂದು ದಿನದಲ್ಲಿ ಹೊಲಿ ಅಂದ ಹಾಗೆ. ಆದ್ದರಿಂದ ನಡುವಿನದು, ಇಪ್ಪತ್ತೇಳು ಇಂಚಿನದು, ಸಾಕು.

ಆದರೆ ಈಗಲೇ ಕೊಳ್ಳಬೇಡ. ಮೇ ತಿಂಗಳಿಗೆ ನಮ್ಮಲ್ಲೇ ಹೊಸ ಪ್ಯಾನೆಲಿನ ಮಾನಿಟರ್ ಬರುತ್ತಿದೆ. ಅದರ ಕಪ್ಪು ನಿಜವಾದ ಕಪ್ಪು. ಇಪ್ಪತ್ತಾರು ವರ್ಷ ಕಾದವಳಿಗೆ ಮೂರು ತಿಂಗಳು ಹೆಚ್ಚೇನಲ್ಲ.

ಕುಳ್ಳನಲ್ಲದ ತಮ್ಮ


ಮಾರ್ಚ್ 2

ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆದು ಗುಂಡಿ ಡಬ್ಬದಲ್ಲಿ ಇಡುತ್ತೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ, ಅದಕ್ಕೆ.

ನೀನು ಹೇಳಿದ ಪರೀಕ್ಷೆ ಮಾಡಿದೆ, ಪುಟ್ಟ. ನೋಟ ಹೊರಳಿಸಿದೆ. ಕಲೆ ನನ್ನ ಜೊತೆಗೇ ಬಂತು. ಪರದೆಯ ಮೂಲೆಗೆ ಬಂತು, ಗೋಡೆಯ ಕ್ಯಾಲೆಂಡರಿಗೆ ಬಂತು. ಒರೆಸುವ ಬಟ್ಟೆ ಎತ್ತಿ ಹಿಡಿದರೆ ಬಟ್ಟೆಯ ನಡುವೆಯೂ ಅದೇ ಕಲೆ. ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ.

ಕಣ್ಣಿನ ಡಾಕ್ಟರ್ ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಹೇಳಲಿಲ್ಲ. ಕಣ್ಣಿನ ಹಿಂದಿನ ಪದರ ನಡುವಿನಿಂದ ಸವೆಯುತ್ತಿದೆಯಂತೆ, ಎರಡೂ ಕಡೆ. ನೇರ ನೋಡಿದ್ದು ಕಾಣುವುದಿಲ್ಲ, ಅಂಚಿನದ್ದು ಉಳಿಯುತ್ತದೆ. ಓದುವುದು, ಸೂಜಿ ಪೋಣಿಸುವುದು, ಎದುರಿಗಿರುವವರ ಮುಖ, ಇವೆಲ್ಲ ಹೋಗುತ್ತವೆ. ಎಷ್ಟು ದಿನ ಎಂದು ಕೇಳಿದೆ. ಮೂರು ತಿಂಗಳು ಇರಬಹುದು, ನಾಲ್ಕು ಇರಬಹುದು ಎಂದರು. ಔಷಧ ಇದೆಯಾ ಎಂದರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, 'ನಿಧಾನ ಮಾಡೋಕೆ ನೋಡ್ತೀನಿ ಅಮ್ಮ, ನಿಲ್ಸೋಕೆ ನನ್ನ ಕೈಲಿ ಆಗಲ್ಲ' ಎಂದರು.

ನಿನಗೆ ಬರೆದರೆ ನೀನು ಮರುದಿನವೇ ಓಡಿ ಬರುತ್ತೀಯ. ಅಮ್ಮ ಹಾಸಿಗೆ ಹಿಡಿದಾಗ ನೀನು ಓದು ಬಿಟ್ಟು ಬಂದೆ, ಎರಡು ವರ್ಷ ಅವಳ ಕಾಲ ಬಳಿ ಕೂತೆ, ಆಮೇಲೆ ಕೆಲಸ ಸಿಗದೆ ಅಲೆದದ್ದನ್ನು ನಾನೇ ನೋಡಿದ್ದೇನೆ. ಈಗ ಸೆಪ್ಟೆಂಬರಿಗೆ ಕೆಲಸ ಕಾಯಂ ಆಗುತ್ತದೆ ಎನ್ನುತ್ತೀಯ, ಅಲ್ಲಿಯವರೆಗೆ ಉದ್ದದ ರಜೆ ಹಾಕಿದರೆ ಜಾಗ ಹೋಯಿತು. ಎರಡನೆಯ ಸಲ ನಿನ್ನ ಕಾಲಿಗೆ ಹಗ್ಗ ಕಟ್ಟಲಾರೆ. ಸೆಪ್ಟೆಂಬರ್ ಆಗಲಿ, ಹೇಳುತ್ತೇನೆ.

ಹೆದರಿಕೆಯಾಗುತ್ತಿದೆ. ಆ ಬೋರ್ಡನ್ನು ಓದಬೇಕು, ಅದೊಂದು ಆದರೆ ಸಾಕು ಅನ್ನಿಸುತ್ತಿದೆ. ಲೋಕದಲ್ಲಿ ನೋಡಬೇಕಾದ್ದು ಎಷ್ಟೋ ಇರುವಾಗ ಇವಳಿಗೆ ಆಟದ ಬೋರ್ಡೇ ಬೇಕಾಯಿತಾ ಎಂದು ಕೇಳಿದವರು ನಗಬಹುದು. ನಗಲಿ. ಅದು ನಾವಿಬ್ಬರೂ ಕೂಡಿ ನೋಡಿ, ಓದಲಾಗದೆ ಬಿಟ್ಟದ್ದು.

ಈ ಕಾಗದಕ್ಕೆ ಕ್ಷೇಮದ ಸಾಲು ಬರೆಯಲಾಗಲಿಲ್ಲ. ನಾಳೆ ನಿನಗೆ ಬರೆಯುವುದರಲ್ಲೂ ಬರೆಯಲಾರೆ. ಬಿಟ್ಟುಬಿಡುತ್ತೇನೆ.


ಮಾರ್ಚ್ 3

ಕುಳ್ಳನಿಗೆ,

ಪರೀಕ್ಷೆ ಮಾಡಿದೆ. ಕಲೆ ನಿಂತಲ್ಲೇ ನಿಂತಿದೆ. ಮಾನಿಟರಿನದೇ ದೋಷ.

ಹೊಸ ಪ್ಯಾನೆಲ್ ಬರುವವರೆಗೆ ಕಾಯುವುದು ನನಗೆ ಬೇಡ. ಈಗ ಸಿಗುವುದರಲ್ಲಿ ಯಾವುದಾದರೂ ಒಂದು ಹೇಳು, ನಾಳೆಯೇ ತರುತ್ತೇನೆ. ಮತ್ತೆ ನಡುವಿನದು ಯಾಕೆ? ಚುಕ್ಕೆ ಹೆಚ್ಚಿದ್ದಷ್ಟೂ ಚೆನ್ನಾಗಿ ಕಾಣಬೇಕಲ್ಲವಾ? ಎಂಬತ್ತಮೂರು ಲಕ್ಷದ್ದೇ ಇರಲಿ. ದೋಣಿ ಕುಂಟಿದರೆ ಕುಂಟಲಿ, ನನಗೇನು ಅವಸರ. ಬೋರ್ಡು ಕಂಡರೆ ಸಾಕು.

ಅಂಗಡಿಯಲ್ಲಿ ಕೆಲಸ ಹೆಚ್ಚು, ಜಾಸ್ತಿ ಬರೆಯಲಾರೆ.

ಅಕ್ಕ


ಮಾರ್ಚ್ 21

ಅಕ್ಕನಿಗೆ,

ಕ್ಷೇಮ. ಏನು ನಿನ್ನ ಅಕ್ಷರ ಇಷ್ಟು ದಪ್ಪವಾಗಿದೆ? ಒಂದು ಹಾಳೆಗೆ ಹತ್ತು ಸಾಲು. ಅಪ್ಪ ಇದ್ದಿದ್ದರೆ ಕಾಗದ ದಂಡ ಎಂದು ಕಿವಿ ಹಿಂಡುತ್ತಿದ್ದ. ಒಂದನೇ ತರಗತಿಗೆ ಮತ್ತೆ ಸೇರಿದ್ದೀಯಾ?

ನಿನ್ನ ಹಠ ನನಗೆ ಹೊಸದಲ್ಲ, ಆದರೂ ಹೇಳುತ್ತೇನೆ ಕೇಳು. ಎಂಬತ್ತಮೂರು ಲಕ್ಷ ಚುಕ್ಕೆಯನ್ನು ಇಪ್ಪತ್ತೇಳು ಇಂಚಿನೊಳಗೆ ಸೇರಿಸಿದರೆ ಒಂದೊಂದು ಚುಕ್ಕೆಯೂ ಅಷ್ಟು ಸಣ್ಣದಾಗುತ್ತದೆ. ಮೆನುವಿನ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಸೂಜಿಯ ಕಣ್ಣಿಗೆ ಒಂದೇ ಸಲಕ್ಕೆ ದಾರ ಹಾಕುವವಳು ನೀನು, ನಿನಗೇನೂ ತೊಂದರೆಯಿಲ್ಲ, ಆದರೆ ಕಾರ್ಡಿಗೆ ತೊಂದರೆ ಇದೆ. ತಜ್ಞನ ಮಾತಿಗೆ ಸ್ವಲ್ಪ ಬೆಲೆ ಕೊಡು. ಈಗ ಸಿಗುವುದನ್ನು ಕೊಂಡು ಎರಡು ತಿಂಗಳಲ್ಲಿ ಪಶ್ಚಾತ್ತಾಪ ಪಡುವವರನ್ನು ನಾನು ದಿನಾ ನೋಡುತ್ತೇನೆ.

ನಮ್ಮ ಹಾಲಿಗೂ ದೋಣಿ ಆಟ ಬಂದಿದೆ. ಮಾನಿಟರ್ ಪರೀಕ್ಷೆಗೆ ಅದನ್ನೇ ಓಡಿಸುತ್ತಾರೆ. ನಾನು ಹತ್ತಿರ ಹೋಗಿಲ್ಲ. ಆಣೆ ಅಂದರೆ ಆಣೆ.

ತಮ್ಮ


ಏಪ್ರಿಲ್ 11

ಕುಳ್ಳನಿಗೆ,

ಅಕ್ಷರ ದಪ್ಪ ಇದ್ದರೆ ಓದುವವರಿಗೆ ಸುಲಭ ಎಂದು ಬರೆದೆ. ಇರಲಿ.

ಸದ್ಯ ಮನೆಯಲ್ಲೇ ಇದ್ದೇನೆ, ಅಂಗಡಿಗೆ ಸ್ವಲ್ಪ ದಿನ ರಜೆ ಹಾಕಿದ್ದೇನೆ. ಕಪ್ಪು ಪ್ಯಾಂಟುಗಳಿಗೆ ನೀಲಿ ದಾರ ಹಾಕಿ ಹೊಲಿದುಬಿಟ್ಟೆ, ಒಂದಲ್ಲ ಎರಡಲ್ಲ, ಹದಿನಾಲ್ಕು. ಅಂಗಡಿಯ ಮಾಸ್ಟರ್ ಬೈಯಲಿಲ್ಲ. ಅದೇ ಬೇಜಾರಾಗಿದ್ದು. ಇಪ್ಪತ್ತು ವರ್ಷದಿಂದ ಬೈಯುತ್ತಿದ್ದವರು ಅವತ್ತು ಸುಮ್ಮನೆ ಪ್ಯಾಂಟುಗಳನ್ನು ಮಡಿಸಿ ಪಕ್ಕಕ್ಕಿಟ್ಟು, 'ಸ್ವಲ್ಪ ದಿನ ಸುಧಾರಿಸ್ಕೊಳಮ್ಮ' ಅಂದರು.

ಕೆಳಮನೆಯ ಟೀಚರ್ ನಿನ್ನನ್ನು ಕೇಳಿದರು. ಸಂಜೆ ಬಂದು ಪೇಪರ್ ಓದಿ ಹೇಳುತ್ತಾರೆ, ಇಬ್ಬರಿಗೂ ಹೊತ್ತು ಹೋಗುತ್ತದೆ.

ಮಾನಿಟರ್ ವಿಷಯದಲ್ಲಿ ನಿನ್ನ ಜೊತೆ ಜಗಳವಾಡುವುದಿಲ್ಲ. ನೀನೇ ಅಲ್ಲಿಂದ ಕಳಿಸು. ಯಾವುದಾದರೂ ಸರಿ, ಬೇಗ ಕಳಿಸು. ಎಂದೂ ಏನೂ ಕೇಳದವಳು ಕೇಳುತ್ತಿದ್ದೇನೆ. ಫೋರ್‌ಕೆ ಆದರೆ ಸಂತೋಷ.

ಅಕ್ಕ


ಮೇ 25

ಅಕ್ಕನಿಗೆ,

ಕ್ಷೇಮ. ಆರು ವಾರ ಉತ್ತರ ಹಾಕಲಿಲ್ಲ, ಬೈಯಬೇಡ. ಹಾಲಿನಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ.

ನಿನ್ನ ಹಠವೇ ಗೆದ್ದಿತು. ಫೋರ್‌ಕೆ, ಇಪ್ಪತ್ತೇಳು ಇಂಚು, ಹೊಸ ಪ್ಯಾನೆಲ್, ಈವತ್ತು ಕಳಿಸಿದ್ದೇನೆ. ಒಂದೊಂದು ಮೂಲೆಯನ್ನೂ ನಾನೇ ನೋಡಿದ್ದೇನೆ, ಎಂಬತ್ತಮೂರು ಲಕ್ಷದಲ್ಲಿ ಒಂದೂ ಸತ್ತ ಚುಕ್ಕೆ ಇಲ್ಲ. ಡಬ್ಬದಲ್ಲಿರುವ ಕೇಬಲ್ಲನ್ನೇ ಹಾಕು, ಹಳೆಯದನ್ನು ಹಾಕಿದರೆ ಇಷ್ಟು ಚುಕ್ಕೆಗಳನ್ನು ಅದು ಸಾಗಿಸುವುದಿಲ್ಲ. ಆಟದ ಸೆಟ್ಟಿಂಗಿನಲ್ಲಿ ನೆರಳು ಮತ್ತು ನೀರಿನ ಪ್ರತಿಬಿಂಬವನ್ನು ಕಡಿಮೆಗೆ ಇಟ್ಟುಕೋ, ಕಾರ್ಡಿಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತದೆ. ಇಷ್ಟು ಚೆನ್ನಾದ ಪರದೆ ನನ್ನ ಕೈ ದಾಟಿ ಹೋದದ್ದು ಕಡಿಮೆ. ನೀನು ನೋಡಿ ಬೆರಗಾಗಬೇಕು.

ಬೋರ್ಡಿನ ಹತ್ತಿರ ಹೋದಾಗ ನಿಲ್ಲು. ನಾನು ಬರುವವರೆಗೆ ಕಾಯಿ.

ತಮ್ಮ


ಜೂನ್ 19

ಕುಳ್ಳನಿಗೆ,

ಮಾನಿಟರ್ ಬಂತು. ಟೀಚರ ಅಳಿಯ ಜೋಡಿಸಿಕೊಟ್ಟರು. ಬಹಳ ಚೆನ್ನಾಗಿದೆ, ಎಷ್ಟು ಹೊಗಳಿದರೂ ಸಾಲದು. ನದಿಯ ನೀರು ಕೈಗೆ ತಾಗುವಂತಿದೆ. ಕಲೆಯ ಸುದ್ದಿಯೇ ಇಲ್ಲ.

ಒಂದು ತಪ್ಪು ಮಾಡಿದೆ, ಕ್ಷಮಿಸು. ಕೊನೆಯ ಕಟ್ಟೆ ತಲುಪಿದೆ, ತಡೆಯಲಾಗಲಿಲ್ಲ, ಓದಿಬಿಟ್ಟೆ. ನೀನು ಹೇಳಿದ್ದೇ ಸರಿ. ಮನೆ ಬಂತು ಅಂತಲೇ ಬರೆದಿದೆ. ನಾನು ಸೋತೆ. ನಿನ್ನಂಥ ಆರಡಿ ಆಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಲಾರೆ, ಅದೊಂದನ್ನು ಮಾಫಿ ಮಾಡು.

ಇನ್ನು ಆ ಆಟದ ಮಾತು ಬೇಡ. ಆಯಿತಲ್ಲ. ಸೆಪ್ಟೆಂಬರಿನಲ್ಲಿ ಕಾಯಂ ಆದ ಮೇಲೆ ಬಾ, ಅಲ್ಲಿಯವರೆಗೆ ಮನಸ್ಸಿಟ್ಟು ಕೆಲಸ ಮಾಡು.

ಅಕ್ಕ


ಜುಲೈ 3

ಅಕ್ಕ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸಾಲುಗಳು ಒಂದರ ಮೇಲೊಂದು ಹತ್ತಿವೆ. ಕೊನೆಯ ಸಾಲು ಹಾಳೆಯಿಂದ ಹೊರಗೆ ಹೋಗಿದೆ, ಅಕ್ಕ ಎಂಬ ಸಹಿಯ ಅರ್ಧ ನಿನ್ನ ಮೇಜಿನ ಮೇಲೆ ಉಳಿದಿರಬೇಕು.

ಬೋರ್ಡಿನ ಮೇಲೆ ಮನೆ ಬಂತು ಎಂದು ಇಲ್ಲ. 'ಇಲ್ಲಿಂದ ಮುಂದೆ ದೋಣಿ ಹೋಗುವುದಿಲ್ಲ' ಎಂದು ಇದೆ. ನಾಲ್ಕು ಪದ, ನಾಲ್ಕು ಚುಕ್ಕೆ. ನೀನೇ ಸರಿ.

ನನಗೆ ಹೇಗೆ ಗೊತ್ತು ಎಂದರೆ, ಓದಿದ್ದೇನೆ. ಮಾರ್ಚಿನಲ್ಲೇ ಓದಿದೆ. ನಮ್ಮ ಹಾಲಿನಲ್ಲಿ, ಪರೀಕ್ಷೆಯ ನೆಪ ಮಾಡಿಕೊಂಡು. ಹತ್ತಿರ ಹೋಗಿಲ್ಲ ಎಂದು ನಿನಗೆ ಬರೆದದ್ದು ಅದೇ ವಾರ. ಇನ್ನೂ ಇದೆ, ಕೇಳು. ಸೋತಿದ್ದೇನೆ ಎಂದು ಗೊತ್ತಾದ ಮೇಲೆ ನಿನಗೆ ಮಾನಿಟರ್ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಹೊಸ ಪ್ಯಾನೆಲ್ ಏಪ್ರಿಲ್ ಹತ್ತಕ್ಕೇ ನಮ್ಮ ಕೈಗೆ ಬಂದಿತ್ತು. ಈವತ್ತು ಬೇಡ, ಮುಂದಿನ ವಾರ ಎಂದುಕೊಂಡು ಆರು ವಾರ ಇಟ್ಟುಕೊಂಡೆ. ಇಪ್ಪತ್ತಾರು ವರ್ಷ ಜಂಬ ಕೊಚ್ಚಿದವನಿಗೆ ಅಕ್ಕನ ಮುಂದೆ ಸೋಲೊಪ್ಪಲು ಇನ್ನಷ್ಟು ದಿನ ಬೇಕಿತ್ತು. ಅಷ್ಟೇ ಕಾರಣ. ಬೇರೆ ಕಾರಣ ಇಲ್ಲ.

ಈಗ ನೀನು ಹೇಳು. ನನ್ನದು ಸರಿ ಎಂದು ನೀನು ಜನ್ಮದಲ್ಲಿ ಒಪ್ಪಿದವಳಲ್ಲ. ಎದುರಿಗಿದ್ದ ಬೋರ್ಡನ್ನು ಓದಿದ್ದರೆ ನೀನು ಗೆದ್ದೆನೆಂದು ಕುಣಿದಾಡಿಬಿಡುತ್ತಿದ್ದೆ. ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಫೆಬ್ರವರಿಯದರಲ್ಲಿ ಕ್ಷೇಮ ಎಂದು ಬರೆದಿದ್ದೀಯ. ಆಮೇಲಿನ ಮೂರರಲ್ಲೂ ಇಲ್ಲ. ದಪ್ಪ ಅಕ್ಷರ, ನೀಲಿ ದಾರ, ಟೀಚರ್ ಓದುವ ಪೇಪರ್. ದಿನಕ್ಕೆ ನೂರೆಂಬತ್ತು ಪರದೆಯಲ್ಲಿ ದೋಷ ಹುಡುಕುವವನಿಗೆ ಇದು ಕಾಣಲಿಲ್ಲ.

ಅಕ್ಕ, ಆ ಕಲೆ ನಿನ್ನ ನೋಟದ ಜೊತೆ ಬಂತಾ?


ಜುಲೈ 14

ಕುಳ್ಳನಿಗೆ,

ಬಂತು.

ಇದರ ಜೊತೆ ಮಾರ್ಚ್ ಎರಡರ ಕಾಗದ ಇಟ್ಟಿದ್ದೇನೆ. ಗುಂಡಿ ಡಬ್ಬದಲ್ಲಿತ್ತು. ಅದನ್ನು ಓದಿ ಆಮೇಲೆ ಇದನ್ನು ಓದು. ಈ ಕಾಗದವನ್ನು ನಾನು ಹೇಳಿ ಟೀಚರ್ ಬರೆಯುತ್ತಿದ್ದಾರೆ, ಆದ್ದರಿಂದ ಸಾಲುಗಳು ನೆಟ್ಟಗಿವೆ.

ನಿನ್ನ ಮಾನಿಟರ್ ಒಳ್ಳೆಯದೇ ಇರಬೇಕು. ಅದರಲ್ಲಿ ಅಕ್ಷರಗಳು ಸಾಸಿವೆಯಷ್ಟಾದವು. ಆಟ ಶುರು ಮಾಡುವ ಜಾಗ ಹುಡುಕಲು ಟೀಚರನ್ನು ಕರೆದೆ. ಹದಿನೆಂಟು ದಿನ ಆಡಿದೆ, ಅಂಚಿನಲ್ಲಿ ಕಂಡ ದಡವನ್ನು ನಂಬಿಕೊಂಡು. ಎಷ್ಟು ಸಲ ಬಂಡೆಗೆ ಗುದ್ದಿದೆನೋ. ಕೊನೆಯ ಕಟ್ಟೆಗೆ ಬಂದೆ. ಬೋರ್ಡನ್ನು ನೇರ ನೋಡಿದರೆ ಮಾಯ. ಪಕ್ಕದ ಮರ ನೋಡಿದಾಗ ಅಂಚಿನಲ್ಲಿ ಬೋರ್ಡು ಕಂಡಿತು, ಅದರ ಮೇಲೆ ನಾಲ್ಕು ಬಿಳಿ ಚುಕ್ಕೆ. ಹಳೆಯ ಕಂಪ್ಯೂಟರಿನಲ್ಲಿ ಇದ್ದಂಥವೇ. ಎಂಬತ್ತಮೂರು ಲಕ್ಷದಲ್ಲಿ ನನಗೆ ಉಳಿದದ್ದು ಆ ನಾಲ್ಕು.

ಟೀಚರನ್ನು ಕೇಳಿದರೆ ಓದಿ ಹೇಳುತ್ತಿದ್ದರು. ಕೇಳಲಿಲ್ಲ. ಆಟ ಮುಚ್ಚಿ ಅತ್ತೆ. ಆಮೇಲೆ ನಿನ್ನದೇ ಸರಿ ಎಂದು ಬರೆದರೆ ನೀನು ಖುಷಿಯಾಗಿ ಇದ್ದುಬಿಡುತ್ತೀಯ, ಮುಂದೆ ಏನೂ ಕೇಳುವುದಿಲ್ಲ ಎಂದು ಲೆಕ್ಕ ಹಾಕಿದೆ. ನೀನು ಆಣೆ ಮುರಿದಿದ್ದೀಯ ಎನ್ನುವುದು ನನ್ನ ಲೆಕ್ಕದಲ್ಲಿರಲಿಲ್ಲ.

ಸಿಟ್ಟು ಬಂದಿದೆ. ಬಂದಿಲ್ಲ ಎಂದು ಬರೆಸಲಾರೆ. ಏಪ್ರಿಲಿನಲ್ಲಿ ನನಗೆ ದಪ್ಪ ಅಕ್ಷರ ಓದಲು ಆಗುತ್ತಿತ್ತು. ಆ ಆರು ವಾರ ನನಗೆ ಬೇಕಿತ್ತು, ಕುಳ್ಳ. ನಾನು ಬಾಯಿ ಬಿಟ್ಟಿದ್ದರೆ ನೀನು ಆರು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ, ಅದೂ ಗೊತ್ತು. ಹಾಗೆಂದು ಸಿಟ್ಟು ಹೋಗುತ್ತಿಲ್ಲ.

ಅಕ್ಕ


ಜುಲೈ 30

ಅಕ್ಕನಿಗೆ,

ಟೀಚರಿಗೆ ನಮಸ್ಕಾರ. ಇದನ್ನು ನೀವೇ ಓದುತ್ತಿದ್ದೀರಿ ಎಂದು ಗೊತ್ತು. ಅವಳು ನಡುವೆ ಸಾಕು ಎಂದರೂ ನಿಲ್ಲಿಸಬೇಡಿ.

ಕ್ಷೇಮದ ಸಾಲು ಬಿಟ್ಟಿದ್ದೇನೆ ಅಕ್ಕ. ಈ ಸಲ ನನ್ನಿಂದಲೂ ಆಗಲಿಲ್ಲ.

ನಿನ್ನ ಮಾರ್ಚಿನ ಕಾಗದವನ್ನು ಹಾಲಿನಲ್ಲಿ ಕೂತು ಓದಿದೆ. ಎದುರಿಗೆ ಒಂದು ಪರದೆ ಪೂರ್ತಿ ಬಿಳಿಯಾಗಿ ಉರಿಯುತ್ತಿತ್ತು, ಆ ಬೆಳಕಿನಲ್ಲೇ ಓದಿದೆ. ಪಕ್ಕದವನು ಏನಾಯಿತು ಎಂದು ಕೇಳಿದ. ಕಾಗದ ಮಡಿಸಿ ಜೇಬಿಗಿಟ್ಟು ಆ ಪರದೆ ಆರಿಸಿದೆ. ಕಾರ್ಡ್ ಎಷ್ಟು ಚುಕ್ಕೆ ತಡೆಯುತ್ತದೆ, ಕೇಬಲ್ ಎಷ್ಟು ಸಾಗಿಸುತ್ತದೆ, ಎಲ್ಲ ಲೆಕ್ಕ ಹಾಕಿ ಬರೆದೆ. ನೋಡುವ ಕಣ್ಣು ಹೇಗಿದೆ ಎಂದು ಒಂದು ಸಾಲು ಕೇಳಲಿಲ್ಲ. ಆ ಆರು ವಾರವನ್ನು ನಾನು ಎಲ್ಲಿಂದಲೂ ತಂದುಕೊಡಲಾರೆ. ಸಿಟ್ಟು ಇಟ್ಟುಕೋ. ನಾನು ಬಂದ ಮೇಲೂ ಇರಲಿ.

ಬರುತ್ತಿದ್ದೇನೆ. ಆಗಸ್ಟ್ ಇಪ್ಪತ್ತಕ್ಕೆ. ಮೇಲ್ವಿಚಾರಕರ ಹತ್ತಿರ ಹೋಗಿ ಎರಡು ತಿಂಗಳ ರಜೆ ಕೇಳಿದೆ. 'ಹೋಗಿ ಬನ್ನಿ. ಜಾಗ ಇರುತ್ತೆ ಅಂತ ಮಾತು ಕೊಡಕ್ಕಾಗಲ್ಲ' ಎಂದರು. ಮಾತು ಕೊಡಿ ಎಂದು ನಾನು ಕೇಳಲಿಲ್ಲ ಎಂದು ಹೇಳಿ ಬಂದೆ. ನೀನು ಬೇಡ ಎನ್ನುವಷ್ಟರಲ್ಲಿ ಟಿಕೆಟ್ ಆಗಿರಲಿ ಎಂದು ಮೊದಲೇ ತೆಗೆದೆ.

ಅಲ್ಲಿಯವರೆಗೆ ಒಂದು ಕೆಲಸ. ಟೀಚರ ಅಳಿಯನಿಗೆ ಹೇಳಿ ಆಟದ ರೆಸಲ್ಯೂಷನನ್ನು, ಅಂದರೆ ಚುಕ್ಕೆಗಳ ಲೆಕ್ಕವನ್ನು, ಪಟ್ಟಿಯಲ್ಲಿರುವ ಎಲ್ಲಕ್ಕಿಂತ ಕೆಳಗಿನದಕ್ಕೆ ಇಳಿಸು. ತಜ್ಞನಾಗಿ ಇಂಥ ಮಾತು ನಾನು ಯಾರಿಗೂ ಹೇಳಿದವನಲ್ಲ. ಚಿತ್ರ ಒರಟಾಗುತ್ತದೆ, ಅಕ್ಷರ ದಪ್ಪವಾಗುತ್ತದೆ, ದೋಣಿ ಕೆಂಪು ಇಟ್ಟಿಗೆಯಂತಾಗುತ್ತದೆ, ಹಳೆಯ ಕಂಪ್ಯೂಟರಿನಲ್ಲಿ ಇದ್ದ ಹಾಗೆ. ಪರದೆಗೆ ಇನ್ನೊಂದು ಗೇಣು ಹತ್ತಿರ ಕೂತು ನೋಡು. ಕಂಡರೆ ಕಾಣಲಿ. ಕಾಣದಿದ್ದರೆ ನಾನು ಪಕ್ಕದಲ್ಲಿ ಕೂತು ಎಡಕ್ಕೆ ಬಲಕ್ಕೆ ಎಂದು ಅರಚುತ್ತೇನೆ, ಅದು ನನಗೆ ಚೆನ್ನಾಗಿ ಬರುತ್ತದೆ.

ಪಂದ್ಯ ಗೆದ್ದವಳು ನೀನು. ನಲವತ್ತೈದರ ಅಕ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಬೀದಿಯವರು ಇಬ್ಬರನ್ನೂ ಆಸ್ಪತ್ರೆಗೆ ಸೇರಿಸುತ್ತಾರೆ. ನನ್ನ ತೋಳು ಹಿಡಿದುಕೋ, ಬೀದಿಯ ಕೊನೆಯವರೆಗೆ ಹೋಗಿ ಬರೋಣ. ದಿನಾ ಹೋಗೋಣ.

ಕುಳ್ಳ


ಆಗಸ್ಟ್ 9

ಕುಳ್ಳನಿಗೆ,

ಬರಬೇಡ ಎಂದು ಮೂರು ಸಲ ಬರೆಸಿ ಮೂರು ಸಲ ಹೊಡೆದು ಹಾಕಿಸಿದೆ. ಟೀಚರ್ ಪೆನ್ನು ಕೆಳಗಿಟ್ಟು, ಯಾವುದಾದರೂ ಒಂದು ಹೇಳಮ್ಮ ಎಂದರು. ಬಾ.

ನೀನು ಹೇಳಿದ ಹಾಗೆ ಮಾಡಿಸಿದೆ. ದೋಣಿ ಕಂಡಿತು. ಇಟ್ಟಿಗೆಯೇ ಸರಿ, ಕೆಂಪು ಇಟ್ಟಿಗೆ, ಪರದೆಯ ಅಂಚಿಗೆ ಬಂದಾಗ ಕಾಣುತ್ತದೆ, ನಡುವೆ ಹೋದಾಗ ಮುಳುಗುತ್ತದೆ. ಎರಡು ದಿನ ಆಡಿದೆ. ಮೂರನೆಯ ದಿನ ಅಂಚು ಇನ್ನೂ ಸ್ವಲ್ಪ ಸರಿದಿತ್ತು. ನೀನು ಬರುವ ಹೊತ್ತಿಗೆ ಅದೂ ಎಷ್ಟಿರುತ್ತದೋ ಗೊತ್ತಿಲ್ಲ. ಡಾಕ್ಟರ್ ಪೂರ್ತಿ ಕತ್ತಲೆಯಾಗುವುದಿಲ್ಲ ಎಂದಿದ್ದಾರೆ. ಬೆಳಕು ಇರುತ್ತದೆ, ಆಕಾರ ಇರುತ್ತದೆ.

ಸಿಟ್ಟು ಇನ್ನೂ ಇದೆ. ಮೊದಲಿನಷ್ಟಿಲ್ಲ. ನಿನ್ನ ಹಳೆಯ ಕೋಣೆ ಗುಡಿಸಿದ್ದೇನೆ, ಮೂಲೆಗಳನ್ನು ಕೈಯಲ್ಲಿ ಮುಟ್ಟಿ ನೋಡಿ. ಧೂಳು ಉಳಿದಿದ್ದರೆ ಆಡಿಕೊಳ್ಳಬೇಡ.

ಇನ್ನೊಂದು ಮಾತು, ಮೊದಲೇ ಹೇಳಿಬಿಡುತ್ತೇನೆ, ಬಾಗಿಲಲ್ಲಿ ನಿಂತು ನೀನು ಬೇರೆ ಏನಾದರೂ ಅಂದುಕೊಳ್ಳುವುದು ಬೇಡ. ನೀನು ಬಂದಾಗ ನಾನು ನಿನ್ನ ಮುಖ ನೋಡುವುದಿಲ್ಲ. ನಿನ್ನ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿರುತ್ತೇನೆ. ಅಕ್ಕ ಸಿಟ್ಟಿನಿಂದ ಮುಖ ತಿರುಗಿಸಿದ್ದಾಳೆ ಎಂದುಕೊಂಡು ನೀನು ಪಕ್ಕಕ್ಕೆ ಸರಿಯಬೇಡ, ಹಾಗೇ ನಿಂತಿರು. ಹಾಗೆ ನೋಡಿದಾಗಲೇ ನೀನು ನನಗೆ ಕಾಣುವುದು.

ಅಕ್ಕ